ವಾಹನ ಬಡಿದು ತೀವ್ರವಾಗಿ ಗಾಯಗೊಂಡ ಜಿಂಕೆಯ ವಿಷಯದಲ್ಲಿ ನಾವು ಮಾಡಬೇಕಾದದ್ದೇನು?

ಪ್ರಶ್ನೆ: ಕಾಡಂಚಿನ ದಾರಿಗ

ಮಾನ್ಯರೇ,

ಮೈಸೂರು ಸೀಮೆಯ ಕಾಡಂಚಿನ ಹೆದ್ದಾರಿಗಳಲ್ಲಿ ಕೆಲಸದ ನಿಮಿತ್ತ ಆಗಾಗ ಓಡಾಡುವವನು ನಾನು. ಈಚೆಗೆ ಒಂದು ದಿನ ಬೆಳಕು ಹರಿಯುವ ಹೊತ್ತಿನಲ್ಲಿ, ಮುಂದೆ ಹೋದ ಯಾವುದೋ ವಾಹನ ಬಡಿದು ಹೋಗಿದ್ದ ಹೆಣ್ಣು ಜಿಂಕೆಯೊಂದು ರಸ್ತೆಯ ಅಂಚಿನಲ್ಲಿ ಬಿದ್ದಿತ್ತು. ಅದರ ಮುಂಗಾಲುಗಳಿಗೆ ಏನೂ ಆಗಿರಲಿಲ್ಲ. ಅವುಗಳನ್ನು ಊರಿ ಏಳಲು ಅದು ಮತ್ತೆ ಮತ್ತೆ ಯತ್ನಿಸುತ್ತಿತ್ತು. ಸೊಂಟದಿಂದ ಹಿಂದಿನ ಭಾಗ ಮಾತ್ರ ಸ್ವಾಧೀನವಿಲ್ಲದೆ ನೆಲಕ್ಕೆ ಒರಗಿಕೊಂಡೇ ಇತ್ತು. ನೋಡುತ್ತಿದ್ದಂತೆ ಹತ್ತಾರು ಜನ ಸೇರಿದರು. ಒಬ್ಬರು ಬಾಟಲಿಯಿಂದ ಅದರ ಬಾಯಿಗೆ ನೀರು ಸುರಿದರು, ಇನ್ನೊಬ್ಬರು ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸವರತೊಡಗಿದರು, ಮತ್ತೊಬ್ಬರು ಪಿಕಪ್ ವಾಹನಕ್ಕೆ ಹಾಕಿಕೊಂಡು ಪಟ್ಟಣದ ಪಶು ಆಸ್ಪತ್ರೆಗೆ ಒಯ್ಯೋಣವೆಂದರು. ಅಲ್ಲಿದ್ದ ಹಿರಿಯರೊಬ್ಬರು, ಇದು ಬದುಕುವ ಜೀವವಲ್ಲ, ನರಳಿಸದೆ ಮುಗಿಸುವುದೇ ಪುಣ್ಯ ಎಂದಾಗ ಉಳಿದವರೆಲ್ಲ ಅವರ ಮೇಲೆ ರೇಗಿದರು. ಅರಣ್ಯ ಸಿಬ್ಬಂದಿ ಬೇಗನೆ ಬಂದು ಜನರನ್ನು ದೂರ ಸರಿಸಿದರಾದರೂ, ವೈದ್ಯರು ಬರುವವರೆಗೆ ಅವರೂ ಕಾಯಲೇಬೇಕಾಯಿತು. ವೈದ್ಯರು ತಲುಪುವ ಮೊದಲೇ, ಬಹಳ ಹೊತ್ತು ಒದ್ದಾಡಿ, ಅದು ಸತ್ತಿತು.

ಆ ಹೊತ್ತಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆಗಳನ್ನು ಬಲ್ಲವರ ಮುಂದಿಡುತ್ತಿದ್ದೇನೆ. ಇಂತಹ ಪ್ರಾಣಿಯ ಬಳಿ ಮೊದಲು ತಲುಪಿದ ಸಾಮಾನ್ಯ ಮನುಷ್ಯ ಏನು ಮಾಡಬೇಕು, ಏನು ಮಾಡಲೇಬಾರದು? ಯಾವ ಗಾಯವನ್ನು ವಾಸಿಮಾಡಬಹುದು, ಯಾವುದನ್ನು ಆಗದು ಎಂದು ಅಲ್ಲಿಯೇ ತಿಳಿಯಲು ಸಾಧ್ಯವೇ? ವಾಸಿಯಾಗದು ಎಂದು ಖಚಿತವಾದ ಮೇಲೆ ಅದಕ್ಕೆ ನೋವಿಲ್ಲದ ಸಾವು ಕೊಡಲು ನಮ್ಮ ಕಾನೂನಿನಲ್ಲಿ ಅವಕಾಶ ಇದೆಯೇ, ಇದ್ದರೆ ಆ ಅಧಿಕಾರ ಯಾರದು? ಕೊನೆಯದಾಗಿ, ಆ ಹಿರಿಯರು ಹೇಳಿದ್ದು ತಪ್ಪೇ? ದಯವಿಟ್ಟು ಊಹೆಯ ಮಾತುಗಳನ್ನು ಬಿಟ್ಟು, ಅನುಭವವುಳ್ಳವರು ಉತ್ತರಿಸಬೇಕೆಂದು ಕೋರುತ್ತೇನೆ.

ಉತ್ತರ: ಪಶುವೈದ್ಯ, ಹುಣಸೂರು ಕಡೆ

ನಮಸ್ಕಾರ. ತಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಆ ಹಿರಿಯರು ಪ್ರಾಣಿಯ ಸ್ಥಿತಿಯನ್ನು ಸರಿಯಾಗಿಯೇ ಗುರುತಿಸಿದ್ದರು. ಮುಂಗಾಲುಗಳು ಗಟ್ಟಿಯಾಗಿದ್ದು ಹಿಂಭಾಗ ಪೂರ್ತಿ ಸ್ವಾಧೀನ ತಪ್ಪಿದೆಯೆಂದರೆ ಬಹುತೇಕ ಸಂದರ್ಭಗಳಲ್ಲಿ ಬೆನ್ನುಮೂಳೆ ಮುರಿದು ಬೆನ್ನುಹುರಿಗೆ ಪೆಟ್ಟು ಬಿದ್ದಿರುತ್ತದೆ. ಹಿಂಗಾಲಿನ ಗೊರಸಿನ ಸಂದಿಯನ್ನು ಬಲವಾಗಿ ಚಿವುಟಿದರೂ ತಿಳಿವಿಲ್ಲ, ಬಾಲದಲ್ಲಿ ಬಿಗಿಯಿಲ್ಲ, ಗುದದ್ವಾರ ಸಡಿಲವಾಗಿದೆ ಎಂದಾದರೆ ನನಗೆ ಬೇರೆ ಪರೀಕ್ಷೆಯ ಅಗತ್ಯವೇ ಬೀಳುವುದಿಲ್ಲ. ಕಾಡಿನ ಜಿಂಕೆಗೆ ಇದಕ್ಕೆ ಚಿಕಿತ್ಸೆಯಿಲ್ಲ. ಮೈಸೂರಿಗೆ ಒಯ್ದರೂ ಇಲ್ಲ, ಬೆಂಗಳೂರಿಗೆ ಒಯ್ದರೂ ಇಲ್ಲ. ಅಂದರೆ ತಾವು ಕಂಡ ಪ್ರಾಣಿಯ ವಿಷಯದಲ್ಲಿ ತೀರ್ಮಾನ ಮೊದಲ ಹತ್ತು ನಿಮಿಷದಲ್ಲೇ ಆಗಬಹುದಿತ್ತು, ಅದರ ನಂತರದ ಹೊತ್ತೆಲ್ಲ ಆ ಜೀವಕ್ಕೆ ಬರಿಯ ನೋವು.

ಆದರೆ ಬಿದ್ದಿರುವ ಪ್ರತಿ ಜಿಂಕೆಯೂ ಸಾಯುವ ಜಿಂಕೆಯೆಂದು ಯಾರೂ ಭಾವಿಸಬಾರದು. ತಲೆಗೆ ಪೆಟ್ಟು ತಗುಲಿ ಮಂಕು ಕವಿದು ಬಿದ್ದ ಪ್ರಾಣಿ ಮೇಲುನೋಟಕ್ಕೆ ಸತ್ತಂತೆಯೇ ಕಾಣುತ್ತದೆ. ಸದ್ದಿಲ್ಲದ ಜಾಗದಲ್ಲಿ, ತನ್ನ ಎದೆಯನ್ನು ನೆಲಕ್ಕೆ ಊರಿ ಕೂರುವಂತೆ ಇಟ್ಟು ಬಿಟ್ಟರೆ ಗಂಟೆ ಎರಡು ಗಂಟೆಯಲ್ಲಿ ತಾನೇ ಎದ್ದು ಕಾಡಿಗೆ ನಡೆದುಬಿಡುವ ಪ್ರಾಣಿಗಳಿವೆ. ಹಾಗಾಗಿ ಕೊಲ್ಲುವ ತೀರ್ಮಾನವೂ ಉಳಿಸುವ ತೀರ್ಮಾನವೂ ಮೈ ಮುಟ್ಟಿ ನೋಡಬಲ್ಲ, ಕಲಿತ ಕೈಯಿಂದಲೇ ಬರಬೇಕು.

ಜಿಂಕೆಯ ಬಗ್ಗೆ ಒಂದು ಸಂಗತಿಯನ್ನು ಎಲ್ಲರೂ ಅರಿತರೆ ಅರ್ಧ ಅನಾಹುತ ತಪ್ಪುತ್ತದೆ. ಹಸು, ನಾಯಿಗಳಿಗೆ ಮನುಷ್ಯನ ಕೈ ಸಮಾಧಾನ ಕೊಡಬಹುದು. ಜಿಂಕೆಗೆ ಅದು ಬೇಟೆಗಾರ ಪ್ರಾಣಿಯ ಹಿಡಿತ. ತೊಡೆಯ ಮೇಲೆ ತಲೆಯಿಟ್ಟು ಅಲುಗಾಡದೆ ಮಲಗಿದ ಜಿಂಕೆ ನೆಮ್ಮದಿಯಿಂದ ಮಲಗಿಲ್ಲ, ಭಯದಿಂದ ಸೆಟೆದುಕೊಂಡಿದೆ. ಆ ಭಯ ಮತ್ತು ಒದ್ದಾಟದಲ್ಲಿ ಮೈಯ ಉಷ್ಣತೆ ಏರುತ್ತದೆ, ರಕ್ತದಲ್ಲಿ ಆಮ್ಲ ಹೆಚ್ಚುತ್ತದೆ, ಸ್ನಾಯುಗಳು ಒಡೆದು ಅವುಗಳಿಂದ ಹೊರಬಂದ ವಸ್ತು ಮೂತ್ರಪಿಂಡಗಳನ್ನು ಕೆಡಿಸುತ್ತದೆ. ನಾವು ಇದನ್ನು ಕ್ಯಾಪ್ಚರ್ ಮಯೋಪತಿ ಎನ್ನುತ್ತೇವೆ. ಮೂತ್ರ ಕಂದು ಬಣ್ಣಕ್ಕೆ ತಿರುಗಿದೆ, ಮೈ ಉಷ್ಣತೆ 41 ಡಿಗ್ರಿ ಸೆಲ್ಸಿಯಸ್ ದಾಟಿದೆ ಎಂದರೆ ಆಸೆ ಬಹಳ ಕಡಿಮೆ. ಮೂಳೆ ಮುರಿಯದ, ಮೇಲೆ ತರಚು ಗಾಯವಷ್ಟೇ ಇದ್ದ ಜಿಂಕೆ ಕೂಡ ಹಿಡಿದು ಒಯ್ದ ಕೆಲವೇ ಗಂಟೆಗಳಲ್ಲಿ, ಅಥವಾ ಎಲ್ಲ ಸರಿಹೋಯಿತೆಂದು ಕಾಡಿಗೆ ಬಿಟ್ಟು ಕೆಲವು ದಿನಗಳಾದ ಮೇಲೆ ಸಾಯುವುದು ಇದರಿಂದಲೇ. ದ್ರವ ಏರಿಸಿ, ಆಮ್ಲತೆ ಇಳಿಸಿ ಹೋರಾಡಬಹುದಾದರೂ ಗೆಲುವು ಅಪರೂಪ. ಬಾರದಂತೆ ನೋಡಿಕೊಳ್ಳುವುದೊಂದೇ ನಿಜವಾದ ಮದ್ದು.

ಆದ್ದರಿಂದ ಸಿಬ್ಬಂದಿ ಬರುವವರೆಗೆ ತಾವು ಮಾಡಬೇಕಾದದ್ದು ಬಹಳ ಸ್ವಲ್ಪ. ಮೊದಲು ತಮ್ಮ ವಾಹನವನ್ನು ಬದಿಗೆ ನಿಲ್ಲಿಸಿ, ಎಚ್ಚರಿಕೆಯ ದೀಪ ಹಾಕಿ, ಹಿಂದಿನಿಂದ ಬರುವವರನ್ನು ನಿಧಾನಿಸಿ. ಪ್ರಾಣಿ ರಸ್ತೆಯ ಮಧ್ಯೆ ಇಲ್ಲದಿದ್ದರೆ ಅದನ್ನು ಮುಟ್ಟುವುದೇ ಬೇಡ. ಮಧ್ಯೆ ಇದ್ದರೆ, ಹಿಂದಿನಿಂದ ಸದ್ದಿಲ್ಲದೆ ಸಮೀಪಿಸಿ ಪಂಚೆ ಅಥವಾ ಟವೆಲ್ಲಿನಿಂದ ಕಣ್ಣು ಮುಚ್ಚಿ, ಮೂಗು ತೆರೆದಿರುವಂತೆ ನೋಡಿಕೊಂಡು, ಜಮಖಾನವನ್ನೋ ಗೋಣಿಯನ್ನೋ ಕೆಳಗೆ ಸರಿಸಿ ಅದರ ಸಮೇತ ಅಂಚಿಗೆ ಎಳೆಯಬೇಕೇ ಹೊರತು ಕಾಲು, ಕೊಂಬು ಹಿಡಿದು ಎಳೆಯಬಾರದು. ಬಲಿತ ಗಂಡು ಚುಕ್ಕೆ ಜಿಂಕೆ ಎಪ್ಪತ್ತು ಎಂಬತ್ತು ಕಿಲೋ ತೂಗುತ್ತದೆ, ಗಂಡು ಕಡವೆ ಇನ್ನೂರು ಕಿಲೋ ದಾಟುವುದುಂಟು. ನೋವಿನಲ್ಲಿರುವಾಗ ಅದರ ಒಂದು ಒದೆತಕ್ಕೆ ಮನುಷ್ಯನ ಮೂಳೆ ಮುರಿದೀತು, ಕೊಂಬಿನ ತಿವಿತಕ್ಕೆ ಹೊಟ್ಟೆ ಸೀಳೀತು. ಕೊಂಬುಳ್ಳ ಗಂಡನ್ನೂ ಕಡವೆಯನ್ನೂ ತರಬೇತಿ ಇಲ್ಲದವರು ಮುಟ್ಟಲೇಬಾರದು. ಅಂಥಲ್ಲಿ ವಾಹನಗಳನ್ನು ತಡೆದು ನಿಲ್ಲಿಸುವುದೇ ಸರಿ. ಪಕ್ಕಕ್ಕೆ ಅಡ್ಡ ಬಿದ್ದ ಮೆಲುಕು ಹಾಕುವ ಪ್ರಾಣಿಗೆ ಹೊಟ್ಟೆಯುಬ್ಬರ ಬರುತ್ತದೆ. ಬೆನ್ನಿಗೆ ಪೆಟ್ಟಾದ ಲಕ್ಷಣವಿಲ್ಲದಿದ್ದರೆ ಎದೆಯ ಮೇಲೆ ಕೂರುವಂತೆ ಒರಗಿಸುವುದು ಒಳ್ಳೆಯದು. ಇಷ್ಟು ಮಾಡಿ ದೂರ ಸರಿಯಿರಿ. ಮಾತು, ಫೋನಿನ ಬೆಳಕು, ಹಾರ್ನ್, ನಾಯಿಗಳು ಯಾವುದೂ ಹತ್ತಿರ ಸುಳಿಯದಂತೆ ಕಾಯುವುದೇ ತಾವು ಮಾಡಬಹುದಾದ ದೊಡ್ಡ ಉಪಕಾರ.

ಬಾಯಿಗೆ ನೀರು ಸುರಿಯಲೇಬೇಡಿ. ಆಘಾತದಲ್ಲಿರುವ ಪ್ರಾಣಿಗೆ ನುಂಗಲು ಆಗುವುದಿಲ್ಲ, ನೀರು ನೇರವಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಮನುಷ್ಯರ ನೋವಿನ ಮಾತ್ರೆ, ಚುಚ್ಚುಮದ್ದು ಕೊಡುವುದೂ ಕೂಡದು. ನಾಲ್ಕು ಕಾಲು ಕಟ್ಟಿ ತೆರೆದ ವಾಹನದಲ್ಲಿ ಹಾಕಿ, ನಾಲ್ಕಾರು ಜನ ಅದುಮಿ ಹಿಡಿದು ಒಯ್ಯುವುದಂತೂ ಬದುಕುವ ಪ್ರಾಣಿಯನ್ನೂ ಕೊಲ್ಲುವ ದಾರಿ.

ಯಾವುದನ್ನು ಉಳಿಸಬಹುದು ಎಂದು ಕೇಳಿದ್ದೀರಿ. ಮಂಡಿಯಿಂದ ಕೆಳಗಿನ ಮೂಳೆ ಚರ್ಮ ಹರಿಯದೆ ಮುರಿದಿದ್ದು, ಪ್ರಾಣಿ ಮರಿಯಾಗಿದ್ದರೆ ಪ್ಲಾಸ್ಟರಿನಿಂದ ಕೂಡಿಕೊಳ್ಳುವ ಸಾಧ್ಯತೆ ಚೆನ್ನಾಗಿದೆ. ತೊಡೆಮೂಳೆ ಅಥವಾ ಸೊಂಟ ಮುರಿದ ಬಲಿತ ಪ್ರಾಣಿ, ಕರುಳು ಹೊರಬಿದ್ದ ಪ್ರಾಣಿ, ಎರಡು ಕಾಲು ಮುರಿದ ಪ್ರಾಣಿ ಇವುಗಳಿಗೆ ನಾನು ಶಸ್ತ್ರಚಿಕಿತ್ಸೆಯನ್ನು ಸೂಚಿಸುವುದಿಲ್ಲ. ಶಸ್ತ್ರಚಿಕಿತ್ಸೆ ಮಾಡಲು ಬಾರದೆಂದಲ್ಲ. ವಾರಗಟ್ಟಲೆ ದಿನಾ ಕಟ್ಟು ಬಿಚ್ಚಿ ಕಟ್ಟುವ ಪ್ರತಿ ಸಲವೂ ಆ ಪ್ರಾಣಿ ಮತ್ತೆ ಅದೇ ಸಾವಿನ ಭಯವನ್ನು ಅನುಭವಿಸುತ್ತದೆ. ಬದುಕಿದರೂ ಕುಂಟುವ ಜಿಂಕೆಯನ್ನು ಸೀಳುನಾಯಿಗಳಿರುವ ಕಾಡಿಗೆ ಬಿಡುವಂತಿಲ್ಲ, ಕಾಡಿನಲ್ಲಿ ಬೆಳೆದ ಬಲಿತ ಗಂಡನ್ನು ಆಯುಷ್ಯವಿಡೀ ಆವರಣದಲ್ಲಿ ಕೂಡಿಹಾಕುವುದನ್ನು ನಾನು ಉಳಿಸಿದಂತೆ ಎಂದು ಎಣಿಸಲಾರೆ. ಈ ಕಡೆಯ ಮಾತಿನಲ್ಲಿ ನನ್ನ ವೃತ್ತಿಯವರೆಲ್ಲ ಒಪ್ಪುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ದಯಾಮರಣಕ್ಕೆ ಮೊದಲು ಪ್ರಾಣಿಯನ್ನು ಆಳವಾದ ಅರಿವಳಿಕೆಗೆ ಒಳಪಡಿಸಿ, ಅನಂತರವೇ ಹೃದಯ ನಿಲ್ಲಿಸುವ ಔಷಧವನ್ನು ರಕ್ತನಾಳಕ್ಕೆ ಕೊಡುತ್ತೇವೆ. ಹಾಗೆ ಸತ್ತ ಪ್ರಾಣಿಯ ಶವವನ್ನು ಕಾಡಿನಲ್ಲಿ ಎಸೆಯಬಾರದು, ಸುಡಬೇಕು ಅಥವಾ ಆಳವಾಗಿ ಹೂಳಬೇಕು, ಏಕೆಂದರೆ ಅದನ್ನು ತಿಂದ ಹದ್ದು, ರಣಹದ್ದು, ನರಿಗಳಿಗೂ ಆ ಔಷಧ ಸೇರುತ್ತದೆ. ಬಂಡೀಪುರ, ನಾಗರಹೊಳೆಯ ಕಡೆ ರಣಹದ್ದುಗಳು ಇನ್ನೂ ಉಳಿದಿವೆ. ಡೈಕ್ಲೋಫೆನಾಕ್ ಎಂಬ ನೋವಿನ ಔಷಧವನ್ನು ಜಾನುವಾರುಗಳಿಗೆ ಕೊಡುವುದನ್ನು 2006ರಲ್ಲಿಯೇ ನಿಷೇಧಿಸಿದ್ದು ಅವುಗಳ ಸಲುವಾಗಿ. ಗಾಯಗೊಂಡ ಜಿಂಕೆಗೂ ನೋವು ಕಡಿಮೆಮಾಡಲು ಮೆಲಾಕ್ಸಿಕ್ಯಾಮ್‌ನಂತಹ, ರಣಹದ್ದಿಗೆ ಹಾನಿಯಾಗದ ಔಷಧವನ್ನೇ ಬಳಸಬೇಕು.

ಉತ್ತರ: ನಿವೃತ್ತ ವಲಯ ಅರಣ್ಯಾಧಿಕಾರಿ

ವೈದ್ಯರು ಪ್ರಾಣಿಯ ಕಡೆಯಿಂದ ಹೇಳಬೇಕಾದದ್ದನ್ನು ಹೇಳಿದ್ದಾರೆ. ಕಾನೂನಿನ ಮಾತನ್ನು ನಾನು ಹೇಳುತ್ತೇನೆ.

1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯಲ್ಲಿ ಬೇಟೆ ಎಂಬುದಕ್ಕೆ ಕೊಟ್ಟಿರುವ ಅರ್ಥ ಬಹಳ ವಿಶಾಲವಾದದ್ದು. ಕೊಲ್ಲುವುದಷ್ಟೇ ಅಲ್ಲದೆ ಗಾಯಗೊಳಿಸುವುದು, ಹಿಡಿಯುವುದು ಎಲ್ಲವೂ ಅದರಲ್ಲಿ ಸೇರುತ್ತವೆ. ತನ್ನ ಅಥವಾ ಇನ್ನೊಬ್ಬ ಮನುಷ್ಯನ ಪ್ರಾಣರಕ್ಷಣೆಗಾಗಿ ಸದುದ್ದೇಶದಿಂದ ವನ್ಯಪ್ರಾಣಿಯನ್ನು ಕೊಂದರೆ ಅಪರಾಧವಲ್ಲವೆಂದು ಕಲಂ 11ರಲ್ಲಿ ಹೇಳಿದೆಯೇ ಹೊರತು, ಕರುಣೆಯಿಂದ ಕೊಂದ ಸಾರ್ವಜನಿಕನಿಗೆ ಯಾವ ರಕ್ಷಣೆಯೂ ಇಲ್ಲ. ಆದರೆ ಅದೇ ಕಲಂ 11ರಲ್ಲಿ, ಚೇತರಿಸಿಕೊಳ್ಳಲಾಗದಷ್ಟು ಊನಗೊಂಡ ಅಥವಾ ರೋಗಪೀಡಿತವಾದ ಪ್ರಾಣಿಯ ವಿಷಯದಲ್ಲಿ ಕಾರಣಗಳನ್ನು ನಮೂದಿಸಿ ಲಿಖಿತ ಆದೇಶದ ಮೂಲಕ ಅನುಮತಿ ಕೊಡುವ ಅಧಿಕಾರವೂ ಇದೆ. ಒಂದನೇ ಅನುಸೂಚಿಯ, ಅಂದರೆ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಪಡೆದ ಪಟ್ಟಿಯ, ಪ್ರಾಣಿಯಾದರೆ ಆ ಅಧಿಕಾರ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರದು ಮಾತ್ರ. ಕೃಷ್ಣಮೃಗ ಈ ವರ್ಗಕ್ಕೆ ಸೇರಿದ್ದು. ಎರಡನೇ ಅನುಸೂಚಿಯ ಪ್ರಾಣಿಯಾದರೆ ಅವರು ಅಧಿಕಾರ ಕೊಟ್ಟ ಅಧಿಕಾರಿಯೂ ಅನುಮತಿಸಬಹುದು. ಹೀಗಾಗಿ ದಯಾಮರಣಕ್ಕೆ ಕಾನೂನು ಅಡ್ಡಿಯೆಂಬ ಮಾತು ಸರಿಯಲ್ಲ. ಹೊಲದ ಬದುವಿನಲ್ಲೋ ಹೆದ್ದಾರಿಯ ಅಂಚಿನಲ್ಲೋ ನಸುಕಿನಲ್ಲಿ ಪ್ರಾಣಿ ಬಿದ್ದಾಗ ಆ ಲಿಖಿತ ಆದೇಶ ಅಲ್ಲಿಗೆ ಎಷ್ಟು ಬೇಗ ತಲುಪುತ್ತದೆ ಎಂಬುದೇ ನಮ್ಮ ನಿಜವಾದ ಕಷ್ಟ.

ಇಲ್ಲಿ ಸಿಬ್ಬಂದಿಯ ಪರವಾಗಿ ಒಂದು ಮಾತು ಹೇಳಬೇಕು. ಪ್ರಾಣಿಯ ಎದುರು ನಿಂತ ಅರಣ್ಯ ರಕ್ಷಕನಿಗೆ ಅದು ಬದುಕುವುದಿಲ್ಲವೆಂದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ, ಆದರೆ ತೀರ್ಮಾನಿಸುವ ಅಧಿಕಾರ ಅವನಿಗಿಲ್ಲ. ಕೊಂದರೆ ಏಕೆ ಕೊಂದೆ ಎಂದು ಕೇಳುವವರಿದ್ದಾರೆ, ಬಿಟ್ಟರೆ ಕೇಳುವವರಿಲ್ಲ. ಆದ್ದರಿಂದ ಕಾಯುವುದೇ ಎಲ್ಲರಿಗೂ ಕ್ಷೇಮವಾಗಿ ಕಾಣುತ್ತದೆ. ಹೆಚ್ಚು ಅಪಘಾತವಾಗುವ ವಲಯಗಳಲ್ಲಿ, ಪಶುವೈದ್ಯರ ಲಿಖಿತ ಅಭಿಪ್ರಾಯ ಇದ್ದರೆ ಸ್ಥಳದಲ್ಲಿಯೇ ಅನುಮತಿಸಬಹುದೆಂದು ಎರಡನೇ ಅನುಸೂಚಿಯ ಪ್ರಾಣಿಗಳ ಮಟ್ಟಿಗಾದರೂ ಅಧಿಕಾರಿಯೊಬ್ಬರಿಗೆ ಮುಂಚಿತವಾಗಿಯೇ ಅಧಿಕಾರ ಕೊಟ್ಟಿರಬೇಕು, ಒಂದನೇ ಅನುಸೂಚಿಯ ಪ್ರಾಣಿಗೆ ದೂರವಾಣಿಯಲ್ಲಿ ವಿಷಯ ತಿಳಿಸಿದ ಕೂಡಲೇ ಆದೇಶ ಹೊರಡುವ ಏರ್ಪಾಡು ಇರಬೇಕು. ಇದಕ್ಕೆ ಕಾಯ್ದೆಯ ತಿದ್ದುಪಡಿಯೂ ಬೇಡ, ಹೊಸ ಹಣವೂ ಬೇಡ.

ಸತ್ತ ಪ್ರಾಣಿ ಕಲಂ 39ರಂತೆ ಸರ್ಕಾರದ ಸ್ವತ್ತು. ಮಹಜರು, ಮರಣೋತ್ತರ ಪರೀಕ್ಷೆ, ಶವದ ವಿಲೇವಾರಿ ಇವೆಲ್ಲ ಇಲಾಖೆಯ ಕೆಲಸ. ಅಪಘಾತದಲ್ಲಿ ಸತ್ತದ್ದೇ ತಾನೇ ಎಂದು ಮಾಂಸ, ಕೊಂಬು, ಚರ್ಮವನ್ನು ಮನೆಗೆ ಒಯ್ಯುವುದು ಅಪರಾಧ. ಹೇಗೋ ಕೈಸೇರಿದ್ದರೂ 48 ಗಂಟೆಗಳ ಒಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕೃತ ಅರಣ್ಯಾಧಿಕಾರಿಗೋ ತಿಳಿಸಬೇಕು.

ಕರೆಮಾಡಲು ಅರಣ್ಯ ಇಲಾಖೆಯ ಸಹಾಯವಾಣಿ 1926 ಇದೆ. ಅದು ಸಿಗದಿದ್ದರೆ 112. ಕರೆಯಲ್ಲಿ ಜಿಂಕೆ ಬಿದ್ದಿದೆ ಎಂದಷ್ಟೇ ಹೇಳಿದರೆ ಸಾಲದು. ರಸ್ತೆಯ ಹೆಸರು, ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ, ಪ್ರಾಣಿ ತಲೆ ಎತ್ತುತ್ತಿದೆಯೇ, ಹಿಂಗಾಲು ಆಡಿಸುತ್ತಿದೆಯೇ ಎಂಬುದನ್ನು ಹೇಳಿ, ವೈದ್ಯರನ್ನು ಜೊತೆಯಲ್ಲೇ ಕರೆತರುವಂತೆ ಕೇಳಿ. ಸಿಬ್ಬಂದಿ ಬಂದು ನೋಡಿ ಆಮೇಲೆ ವೈದ್ಯರಿಗೆ ಹೇಳಿಕಳುಹಿಸುವ ನಡುವೆ ಕಳೆದುಹೋಗುವ ಹೊತ್ತನ್ನು ಇದೊಂದೇ ಮಾತು ಉಳಿಸುತ್ತದೆ.

ಇನ್ನೊಂದು ವಿಷಯ. ರಾಷ್ಟ್ರೀಯ ಹೆದ್ದಾರಿ 766ರಲ್ಲಿ ಬಂಡೀಪುರದ ಮೂಲಕ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ 2009ರಲ್ಲಿ ಆರಂಭವಾದ ನಿರ್ಬಂಧ ಎಷ್ಟೋ ಜೀವಗಳನ್ನು ಉಳಿಸಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಗೇಟು ಮುಚ್ಚುವ ಮೊದಲು ದಾಟಿಬಿಡಬೇಕೆಂಬ ಅವಸರ ಮತ್ತು ಗೇಟು ತೆರೆದೊಡನೆ ಸಾಲಾಗಿ ನಿಂತ ವಾಹನಗಳ ಓಟ, ಇವೆರಡೂ ಜಿಂಕೆಗಳ ಓಡಾಟ ಹೆಚ್ಚಿರುವ ಹೊತ್ತಿಗೆ ಹತ್ತಿರದಲ್ಲೇ ಬೀಳುತ್ತವೆ. ಬೆಂಕಿ ತಡೆಗೆಂದು ರಸ್ತೆಯ ಎರಡೂ ಬದಿ ತೆರವುಗೊಳಿಸಿದ ಪಟ್ಟಿಯಲ್ಲಿ ಎಳೆಯ ಹುಲ್ಲು ಚಿಗುರಿ ಹಿಂಡುಗಳನ್ನು ಅಲ್ಲಿಗೇ ಎಳೆಯುತ್ತದೆ. ಒಂದು ಜಿಂಕೆ ದಾಟಿತೆಂದು ವೇಗ ಹೆಚ್ಚಿಸಬೇಡಿ. ಅದರ ಹಿಂದೆ ಇನ್ನೂ ನಾಲ್ಕು ಇರುತ್ತವೆ. ಪ್ರವಾಸಿಗರು ಗಾಡಿ ನಿಲ್ಲಿಸಿ ಬಿಸ್ಕತ್ತು, ಸಿಪ್ಪೆ ಎಸೆದು ಜಿಂಕೆಗಳನ್ನು ರಸ್ತೆಗೆ ಒಗ್ಗಿಸುವುದಂತೂ ಅವುಗಳ ಕುತ್ತಿಗೆಗೆ ತಾವೇ ಕುಣಿಕೆ ಹಾಕಿದಂತೆ.

ಉತ್ತರ: ತೀರ್ಥಹಳ್ಳಿಯವ

ತಾವೆಲ್ಲ ಬಲ್ಲವರು. ಆದರೂ ಕೇಳದೆ ಇರಲಾರೆ. ಜೀವ ಕೊಡಲಾರದ ನಾವು ಜೀವ ತೆಗೆಯಲು ಹೇಗೆ ಅರ್ಹರಾಗುತ್ತೇವೆ? ನಮ್ಮ ಮನೆಯಲ್ಲಿ ಮುದಿಯಾದ ಹಸುವನ್ನು ಕೊನೆಯುಸಿರಿನವರೆಗೂ ಸಾಕುತ್ತೇವೆ. ಜಿಂಕೆ ಸಾಯುವುದೇ ಆದರೆ ನೆರಳಿನಲ್ಲಿ, ತನ್ನ ಪಾಡಿಗೆ ಸಾಯಲು ಬಿಡುವುದು ಹೆಚ್ಚು ಗೌರವದ ಮಾರ್ಗವಲ್ಲವೇ? ಒಮ್ಮೆ ಕೊಲ್ಲಲು ಸುಲಭ ಅನುಮತಿ ಸಿಕ್ಕರೆ, ಉಳಿಸುವ ಶ್ರಮವನ್ನೇ ಯಾರೂ ಪಡದಂತೆ ಆಗುವುದಿಲ್ಲವೇ ಎಂಬ ಭಯವೂ ನನಗಿದೆ.

ಉತ್ತರ: ಹಾವೇರಿ ಜಿಲ್ಲೆಯ ಶಿಕ್ಷಕ

ನಮ್ಮ ಕಡೆಯ ಸ್ಥಿತಿ ಬಂಡೀಪುರಕ್ಕಿಂತ ಬೇರೆ. ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಿಂದ ಇದೆಯಾದರೂ, ನಮ್ಮ ಚಿಗರಿಗಳಿಗೆ (ಕೃಷ್ಣಮೃಗಗಳಿಗೆ) ಅಭಯಾರಣ್ಯದ ಗಡಿ ತಿಳಿಯದು. ಗೋವಿನಜೋಳದ ಹೊಲ, ಹತ್ತಿಯ ಹೊಲ, ಬೀಳು ಭೂಮಿ ಎಲ್ಲೆಲ್ಲೂ ಅವುಗಳ ಹಿಂಡು. ನಡುವೆ ಪುಣೆ–ಬೆಂಗಳೂರು ಹೆದ್ದಾರಿ 48 ಹಾದಿದೆ. ಬಯಲಿನಲ್ಲಿ ಓಡಿ ಪಾರಾಗುವುದನ್ನೇ ನೆಚ್ಚಿಕೊಂಡ ಪ್ರಾಣಿ ವಿಭಜಕದ ಗೋಡೆಯ ಬಳಿ ಬಂದು ದಿಕ್ಕು ತಪ್ಪಿ ಎರಡು ಕಡೆಯ ವಾಹನಗಳ ನಡುವೆ ಸಿಲುಕುತ್ತದೆ. ಪೆಟ್ಟು ತಿಂದದ್ದು ಹೊಲಕ್ಕೆ ಇಳಿದರೆ ಬೀದಿನಾಯಿಗಳು ಹಿಂಡಾಗಿ ಬರುತ್ತವೆ, ಮತ್ತು ವೈದ್ಯರು ಬರುವ ಮೊದಲೇ ನಾಯಿಗಳು ಬದುಕಿದ್ದಂತೆಯೇ ಹಿಂಭಾಗದಿಂದ ತಿನ್ನತೊಡಗುತ್ತವೆ. ತೀರ್ಥಹಳ್ಳಿಯ ಹಿರಿಯರು ಹೇಳುವ ನೆರಳಿನ ಸಾವು ಇಲ್ಲಿ ಆ ಪ್ರಾಣಿಗೆ ದಕ್ಕುವುದಿಲ್ಲ. ನಾನು ಮಕ್ಕಳಿಗೆ ಹೇಳಿಕೊಡುವುದು ಒಂದೇ ಮಾತು: ದೂರ ನಿಲ್ಲಿರಿ, ಬೆನ್ನು ತಿರುಗಿಸಿ ವೃತ್ತ ಕಟ್ಟಿ ನಾಯಿಗಳನ್ನು ತಡೆಯಿರಿ, ಒಬ್ಬ ಹೋಗಿ ಫೋನು ಮಾಡಲಿ.

ಆದರೆ ನನ್ನ ಕಠಿಣ ಪ್ರಶ್ನೆ ಇದು. ಕೃಷ್ಣಮೃಗ ಒಂದನೇ ಅನುಸೂಚಿಯದಾದ್ದರಿಂದ ಅದನ್ನು ಕೊಂದ ಅಪರಾಧಕ್ಕೆ ಮೂರರಿಂದ ಏಳು ವರ್ಷದ ಸೆರೆವಾಸವಿದೆ ಎಂಬುದು ನಮ್ಮ ಊರುಗಳಲ್ಲಿ ಎಲ್ಲರಿಗೂ ಗೊತ್ತು. ಆ ಭಯ ಇರಬೇಕಾದದ್ದೇ. ಅದರಿಂದಲೇ ಚಿಗರಿ ಉಳಿದಿದೆ. ಅದೇ ಭಯದಿಂದ ಡಿಕ್ಕಿ ಹೊಡೆದ ಚಾಲಕ ನಿಲ್ಲಿಸದೆ ಓಡುತ್ತಾನೆ, ನೋಡಿದ ರೈತ ಫೋನು ಮಾಡಲು ಹಿಂಜರಿಯುತ್ತಾನೆ, ಎಲ್ಲಿ ತನ್ನ ಹೆಸರೇ ಮಹಜರಿನಲ್ಲಿ ಬರುವುದೋ ಎಂದು. ತಿಳಿಸಿದವನಿಗೆ ತೊಂದರೆಯಿಲ್ಲವೆಂಬ ಭರವಸೆಯನ್ನು ಯಾರು ಕೊಡುತ್ತಾರೆ?

ಉತ್ತರ: ಸ್ವೀಡನ್ನಿನಲ್ಲಿರುವ ಕನ್ನಡಿಗ

ಶಿಕ್ಷಕರ ಪ್ರಶ್ನೆಗೆ ಇಲ್ಲಿನ ವ್ಯವಸ್ಥೆಯಲ್ಲಿ ಒಂದು ಉತ್ತರ ಇದೆಯೆಂದು ತೋರುವುದರಿಂದ ಬರೆಯುತ್ತಿದ್ದೇನೆ. ಇಲ್ಲಿ ಜಿಂಕೆಗೋ ಮೂಸ್ ಪ್ರಾಣಿಗೋ ವಾಹನ ತಾಗಿದರೆ ಪೊಲೀಸರಿಗೆ ತಿಳಿಸುವುದು ಚಾಲಕನ ಕಾನೂನುಬದ್ಧ ಕರ್ತವ್ಯ. ಅಪರಾಧವಾಗುವುದು ಡಿಕ್ಕಿಯನ್ನು ತಿಳಿಸದೆ ಹೋದಾಗ. ಪ್ರಾಣಿ ಕಾಡಿನೊಳಗೆ ಓಡಿಹೋಗಿದ್ದರೂ, ಗಾಯವೇ ಕಾಣದಿದ್ದರೂ ತಿಳಿಸಬೇಕು, ಮತ್ತು ಅದು ಎಲ್ಲಿಂದ ಕಾಡಿಗೆ ಇಳಿಯಿತೆಂದು ರಸ್ತೆಯ ಬದಿಯಲ್ಲಿ ಗುರುತು ಹಾಕಬೇಕು. ಪೊಲೀಸರು ಆ ಪ್ರದೇಶಕ್ಕೆ ಮೊದಲೇ ಗೊತ್ತುಮಾಡಿದ, ತರಬೇತಿ ಪಡೆದ ಬೇಟೆಗಾರನನ್ನು ಕರೆಯುತ್ತಾರೆ. ಆತ ನಾಯಿಯೊಡನೆ ಬಂದು ಜಾಡು ಹಿಡಿದು, ತೀವ್ರ ಗಾಯವಾಗಿದ್ದರೆ ಪ್ರಾಣಿಯ ನೋವನ್ನು ಅಲ್ಲಿಯೇ ಕೊನೆಗೊಳಿಸುತ್ತಾನೆ. ಬೇಟೆಗಾರರಿಲ್ಲದ ನಮ್ಮ ನಾಡಿಗೆ ಇದನ್ನು ಹಾಗೆಯೇ ತರಲಾಗದು, ತರಬೇಕೆಂದೂ ನಾನು ಹೇಳುವುದಿಲ್ಲ. ಆದರೆ ರಸ್ತೆಯಿಂದ ಮರೆಯಾದ ಪ್ರಾಣಿಯ ಜಾಗವನ್ನು ಗುರುತಿಸುವ ಪದ್ಧತಿಯನ್ನು, ತಿಳಿಸಿದ ಚಾಲಕನನ್ನೂ ಓಡಿಹೋದವನನ್ನೂ ಬೇರೆಬೇರೆಯಾಗಿ ಕಾಣುವ ನ್ಯಾಯವನ್ನು ನಾವು ಖಂಡಿತ ತೆಗೆದುಕೊಳ್ಳಬಹುದು.

ಉತ್ತರ: ಪಶುವೈದ್ಯ, ಹುಣಸೂರು ಕಡೆ

ತೀರ್ಥಹಳ್ಳಿಯವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಜೀವ ತೆಗೆಯುವ ಕೆಲಸ ನನಗೆ ಇಂದಿಗೂ ಅಭ್ಯಾಸವಾಗಿಲ್ಲ, ಆಗಬಾರದೆಂದೂ ಬಯಸುತ್ತೇನೆ. ಆದರೆ ತಮ್ಮ ಮನೆಯ ಹಸು ತಮ್ಮ ಕೈಯನ್ನು ಬಲ್ಲದು, ಹಿಡಿ ಹುಲ್ಲು ಕೊಟ್ಟರೆ ನೋವಿನಲ್ಲೂ ತಿನ್ನುತ್ತದೆ. ಬೆನ್ನು ಮುರಿದ ಜಿಂಕೆಗೆ ನಾವು ಕೊಡಬಹುದಾದ ಆರೈಕೆ ಯಾವುದೂ ಅದಕ್ಕೆ ಆರೈಕೆಯಾಗಿ ತಲುಪುವುದಿಲ್ಲ. ಕಾಡಿನ ನಡುವೆ ಸೀಳುನಾಯಿ ಹಿಡಿದು ಕೊಂದ ಜಿಂಕೆಯ ವಿಷಯದಲ್ಲಿ ನಾವು ಕೈಹಾಕುವುದಿಲ್ಲ, ಹಾಕಲೂಬಾರದು, ಅದು ಅವುಗಳ ಲೋಕದ ವ್ಯವಹಾರ. ರಸ್ತೆ ಮಾಡಿದವರು ನಾವು, ವಾಹನ ನಮ್ಮದು. ಹಾಗಾಗಿ ಆ ನೋವು ಎಷ್ಟು ಹೊತ್ತು ಇರಬೇಕೆಂಬುದರ ಹೊಣೆಯೂ ನಮ್ಮದೇ. ಅನುಮತಿ ಸುಲಭವಾದರೆ ಉಳಿಸುವ ಶ್ರಮ ಕಡಿಮೆಯಾದೀತೆಂಬ ತಮ್ಮ ಭಯಕ್ಕೆ ಆಧಾರ ಇದೆ. ಅದಕ್ಕಾಗಿಯೇ ವೈದ್ಯರು ಏನೇನು ಪರೀಕ್ಷಿಸಿದರು, ಏಕೆ ಹಾಗೆ ತೀರ್ಮಾನಿಸಿದರು ಎಂಬುದನ್ನು ಚಿತ್ರಗಳ ಸಹಿತ ದಾಖಲಿಸಬೇಕು, ಮರಣೋತ್ತರ ಪರೀಕ್ಷೆಯಲ್ಲಿ ಆ ತೀರ್ಮಾನ ಸರಿಯಿತ್ತೇ ಎಂದು ಪ್ರತಿ ಸಲವೂ ನೋಡಬೇಕು.

ಸತ್ತದ್ದು ಹೆಣ್ಣಾಗಿದ್ದರೆ ಕೆಚ್ಚಲನ್ನು ನೋಡುವುದನ್ನು ಮರೆಯಬೇಡಿ. ಹಾಲು ತುಂಬಿದ್ದರೆ ಹತ್ತಿರದ ಪೊದೆಯಲ್ಲಿ ಮರಿ ಅಡಗಿರಬಹುದು. ಅದನ್ನು ಹುಡುಕುವುದು ಸಿಬ್ಬಂದಿಯ ಕೆಲಸ. ಅವರಿಗೆ ತಿಳಿಸಿ, ತಾವು ಹುಡುಕಿ ಎತ್ತಿಕೊಂಡು ಹೋಗಬೇಡಿ.

ಪ್ರತಿಕ್ರಿಯೆ: ಕಾಡಂಚಿನ ದಾರಿಗ

ಎಲ್ಲರಿಗೂ ಕೃತಜ್ಞನಾಗಿದ್ದೇನೆ. ವಾಹನದಲ್ಲಿ ಇನ್ನು ಮುಂದೆ ದಪ್ಪ ಬಟ್ಟೆ, ಕೈಗವಸು, ಪ್ರತಿಫಲಿಸುವ ತ್ರಿಕೋನ ಇಟ್ಟುಕೊಳ್ಳುತ್ತೇನೆ. ಅಧಿಕಾರಿಗಳಲ್ಲಿ ಒಂದು ಕೊನೆಯ ಪ್ರಶ್ನೆ: ಮುಂಚಿತವಾಗಿ ಅಧಿಕಾರ ಕೊಟ್ಟಿರಬೇಕು ಎಂದಿರಲ್ಲ, ಅದನ್ನು ಸಾರ್ವಜನಿಕರು ಕೇಳುವುದಾದರೆ ಯಾರನ್ನು, ಹೇಗೆ ಕೇಳಬೇಕು?

ಉತ್ತರ: ನಿವೃತ್ತ ವಲಯ ಅರಣ್ಯಾಧಿಕಾರಿ

ಬೆಂಗಳೂರಿನ ಅರಣ್ಯ ಭವನದಲ್ಲಿರುವ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಲಿಖಿತ ಮನವಿ ಸಲ್ಲಿಸಿ, ಪ್ರತಿಯನ್ನು ತಮ್ಮ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿಗಳಿಗೂ, ಹುಲಿ ಸಂರಕ್ಷಿತ ಪ್ರದೇಶವಾದರೆ ಅದರ ನಿರ್ದೇಶಕರಿಗೂ ಕೊಡಿ. ಮನವಿಯಲ್ಲಿ ಕರುಣೆಯ ಮಾತು ಕಡಿಮೆಯಿರಲಿ, ಕೇಳಿಕೆ ಸ್ಪಷ್ಟವಾಗಿರಲಿ. ಕಲಂ 11ರ ಅಡಿಯಲ್ಲಿ ಈ ವಿಭಾಗದಲ್ಲಿ ಯಾವ ಅಧಿಕಾರಿಗೆ ಅಧಿಕಾರ ಕೊಡಲಾಗಿದೆ, ಕೊಟ್ಟಿಲ್ಲವಾದರೆ ಕೊಡಬೇಕು, ಯಾವ ಪಶುವೈದ್ಯರು ಯಾವ ರಸ್ತೆಯ ಕರೆಗೆ ಬರುತ್ತಾರೆ, ಅವರು ರಜೆಯಲ್ಲಿದ್ದರೆ ಬದಲಿ ಯಾರು, ಬೇಕಾದ ಔಷಧಗಳು ಎಲ್ಲಿ ದಾಸ್ತಾನಿವೆ, ಇಷ್ಟನ್ನು ಕೇಳಿ. ಇದೇ ಮಾಹಿತಿಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಪ್ರತ್ಯೇಕವಾಗಿ ಕೋರಬಹುದು. ಹಾವೇರಿಯ ಮಾಸ್ತರರ ಕೇಳಿಕೆಯನ್ನೂ ಅದರಲ್ಲಿ ಸೇರಿಸಿ: ತಾವಾಗಿ ಕರೆಮಾಡಿ ಸ್ಥಳದಲ್ಲಿ ನಿಂತವರನ್ನು ಆರೋಪಿಯಂತೆ ನಡೆಸಿಕೊಳ್ಳಬಾರದೆಂಬ ಸುತ್ತೋಲೆ ಬೇಕು. ಒಬ್ಬರ ಸಹಿಗಿಂತ ಆ ರಸ್ತೆಯಂಚಿನ ಗ್ರಾಮ ಪಂಚಾಯಿತಿಯ ನಿರ್ಣಯ ಜೊತೆಗಿದ್ದರೆ ಕಡತ ಬೇಗ ಮುಂದೆ ಸಾಗುತ್ತದೆ. ಕರಡು ಬರೆದು ಇಲ್ಲಿ ಹಾಕಿ, ನಾನೂ ವೈದ್ಯರೂ ತಿದ್ದಿಕೊಡುತ್ತೇವೆ.